‘ಟಿಪ್ಪು ಕಾಲದ’ ತಟ್ಟೆಯ ಬೆನ್ನಿಗೆ ‘ಇಂಗ್ಲೆಂಡ್’ ಮುದ್ರೆ: ಬೆಂಗಳೂರಿನಲ್ಲಿ ಸಿಗುವ ಅರಬ್ಬಿ ಬರಹದ ಪಿಂಗಾಣಿ

ಶಿವಾಜಿನಗರದ ರಸೆಲ್ ಮಾರ್ಕೆಟ್ ಆಸುಪಾಸಿನ ಹಳೇ ಸಾಮಾನಿನ ಅಂಗಡಿಯಲ್ಲೋ, ಕೆ.ಆರ್. ಮಾರ್ಕೆಟ್ ಹತ್ತಿರದ ಭಾನುವಾರದ ಸಂತೆಯಲ್ಲೋ ಅರಬ್ಬಿ ಅಕ್ಷರ ಸುತ್ತುವರಿದ ಬಿಳಿ ತಟ್ಟೆಯೊಂದನ್ನು ಎತ್ತಿಕೊಂಡು ನೋಡಿ. ‘ಟಿಪ್ಪು ಅರಮನೆದು ಸಾರ್, ಒಂದೇ ಪೀಸು’ ಅನ್ನುವ ಮಾತು ಕೇಳಿಬರಲು ಹೆಚ್ಚು ಹೊತ್ತು ಬೇಕಿಲ್ಲ. ಮಗುಚಿದರೆ ಎಷ್ಟೋ ಸಲ ಬೆನ್ನಲ್ಲಿ ‘ಇಂಗ್ಲೆಂಡ್’ ಎಂದು ಅಚ್ಚಾಗಿರುತ್ತದೆ. ಟಿಪ್ಪು ತೀರಿಕೊಂಡದ್ದು 1799ರಲ್ಲಿ. ಪಿಂಗಾಣಿಯ ಬೆನ್ನಿಗೆ ದೇಶದ ಹೆಸರು ಹಾಕುವುದು ವಾಡಿಕೆಯಾದದ್ದು ಅಮೆರಿಕದ ಮೆಕಿನ್ಲೆ ಸುಂಕ ಕಾಯ್ದೆಯಿಂದ. ಅದು ಜಾರಿಗೆ ಬಂದದ್ದು 1891ರಲ್ಲಿ. ಅಮೆರಿಕಕ್ಕೆ ಹೋಗುವ ಮಾಲಿಗೆಂದು ಶುರುವಾದ ಮುದ್ರೆ ಕ್ರಮೇಣ ಬೇರೆ ಕಡೆ ಹೋಗುವ ಮಾಲಿಗೂ ಬಿತ್ತು. ‘ಮೇಡ್ ಇನ್ ಇಂಗ್ಲೆಂಡ್’ ಎಂದು ಪೂರ್ತಿ ಬರೆದಿದ್ದರೆ ಬಹುಮಟ್ಟಿಗೆ 20ನೇ ಶತಮಾನದ್ದೇ ಸರಿ.

ಅರಮನೆಯ ಕತೆಗೆ ಕಾಸು ಕೊಡಬೇಕಾಗಿಲ್ಲ. ಹಾಗೆಂದು ತಟ್ಟೆಗೆ ಬೆಲೆಯೇ ಇಲ್ಲ ಎಂದೂ ಅಲ್ಲ. ಈ ಮಾಲಿನಲ್ಲಿ ನೋಡಬೇಕಾದದ್ದು ಬೆನ್ನಿಗಿಂತ ಹೆಚ್ಚಾಗಿ ಮುಖವನ್ನು, ಅಂದರೆ ಬರಹವನ್ನು. ಮಾರುವವರಲ್ಲಿ ಬಹಳ ಮಂದಿ ಅದನ್ನು ಓದುವುದೇ ಇಲ್ಲ, ಕೊಳ್ಳುವವರೂ ಅಷ್ಟೇ. ಬೆಂಗಳೂರಿನಲ್ಲಿ ‘ಅರಬ್ಬಿ ಬರಹದ ಹಳೇ ಇಂಗ್ಲಿಷ್ ತಟ್ಟೆ’ ಎಂಬ ಹೆಸರಿನಲ್ಲಿ ಮಾರಾಟವಾಗುವ ನಾಲ್ಕು ಬಗೆಯ ತಟ್ಟೆಗಳನ್ನು ಇಲ್ಲಿ ತೂಗಿ ನೋಡಲಾಗಿದೆ. ನಾಲ್ಕರಲ್ಲಿ ನಿಜವಾಗಿ ಆ ಹೆಸರಿಗೆ ಸಲ್ಲುವುದು ಒಂದೇ.

ಆ ಒಂದು ಹೀಗಿದೆ: ಅಡ್ಡಳತೆ 26 ಸೆಂ.ಮೀ.ಗೆ ತುಸು ಮೇಲೆ, ಕೈಗೆ ಭಾರ, ಬೆರಳಿನಿಂದ ತಟ್ಟಿದರೆ ಗಂಟೆಯ ನಾದವಿಲ್ಲದೆ ಮಂಕಾದ ‘ಟಕ್’. ಇದು ಚೀನೀ ಪಿಂಗಾಣಿಯಲ್ಲ, ಬಿಳಿ ಮೈಗೆ ಪಾರದರ್ಶಕ ಮೆರುಗು (ಗ್ಲೇಜ್) ಕೊಟ್ಟ ಇಂಗ್ಲಿಷ್ ಮಣ್ಣಿನ ಪಾತ್ರೆ. ನಡುವೆ ಹದಿನಾರು ಮನೆಗಳ ಅಂಕಿ ಚೌಕ (ಯಾವ ಸಾಲು ಕೂಡಿದರೂ ಒಂದೇ ಮೊತ್ತ), ಅದರ ಸುತ್ತ ನಾಲ್ಕು ಖಲೀಫರ ಹೆಸರಿನ ನಾಲ್ಕು ಬಿಲ್ಲೆ, ಅಂಚಿನಲ್ಲಿ ಉಂಗುರದಂತೆ ಆಯತುಲ್ ಕುರ್ಸಿ (ಕುರಾನಿನ ಒಂದು ಆಯತ್, ಅಂದರೆ ವಚನ), ಎಲ್ಲವೂ ಕಪ್ಪು ಅಚ್ಚಿನಲ್ಲಿ. ಬೆನ್ನಲ್ಲಿ ಯಾವ ಮುದ್ರೆಯೂ ಇಲ್ಲ. 17ನೇ ಶತಮಾನದಲ್ಲೇ ಚೀನಾದ ಜಾಂಗ್‌ಜೌ ಕಡೆಯ ಕುಲುಮೆಗಳು (ವ್ಯಾಪಾರಿಗಳ ಬಾಯಲ್ಲಿ ‘ಸ್ವಾಟೋ’ ಮಾಲು) ಅರಬ್ಬಿ ಬರಹ, ಅಂಕಿ ಚೌಕ ಇರುವ ದೊಡ್ಡ ತಟ್ಟೆಗಳನ್ನು ಆಗ್ನೇಯ ಏಷ್ಯಾದ ಮುಸ್ಲಿಮರಿಗೆಂದು ಮಾಡಿ ಕಳಿಸುತ್ತಿದ್ದವು. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಪಿಂಗಾಣಿ ನಾಡಾದ ಸ್ಟ್ಯಾಫರ್ಡ್‌ಶೈರ್‌ನವರು ಅದೇ ಗಿರಾಕಿಗಳಿಗೆ ಅದೇ ಬಗೆಯ ಮಾಲನ್ನು ಅಚ್ಚಿನಲ್ಲಿ ಒತ್ತಿ ಕಳಿಸಿದರು. ಚೀನಾದಲ್ಲಿ ಕುಂಚ ಹಿಡಿದು ಒಂದೊಂದನ್ನೂ ಬರೆಯಬೇಕಿತ್ತು. ಇಲ್ಲಿ ತಾಮ್ರದ ತಗಡೊಂದನ್ನು ಒಮ್ಮೆ ಕೆತ್ತಿದರೆ ಡಜನ್‌ಗಟ್ಟಲೆ ಅದೇ.

ಆ ತಾಮ್ರದ ತಗಡಿನ ಕೆಲಸ ಗೊತ್ತಿದ್ದರೆ ತಟ್ಟೆಯ ದೋಷಗಳೆಲ್ಲ ಅರ್ಥವಾಗುತ್ತವೆ. ತಗಡನ್ನು ಒಲೆಯ ಮೇಲೆ ಬೆಚ್ಚಗೆ ಮಾಡಿ, ಲೋಹದ ಭಸ್ಮವನ್ನು ಕುದಿಸಿದ ಅಗಸೆ ಎಣ್ಣೆಯಲ್ಲಿ ಕಲಸಿದ ಬಣ್ಣವನ್ನು ಗೀರುಗಳೊಳಗೆ ಉಜ್ಜುತ್ತಾರೆ. ಮೇಲೆ ಉಳಿದ ಬಣ್ಣ ಕೆರೆದು ತೆಗೆದು, ಸಾಬೂನು ನೀರು ಸವರಿದ ತೆಳು ಟಿಶ್ಯೂ ಕಾಗದ ಹಾಸಿ ರೋಲರ್‌ನಡಿ ತಳ್ಳುತ್ತಾರೆ. ಕಾಗದವನ್ನು ಕತ್ತರಿಸಿ, ಒಮ್ಮೆ ಸುಟ್ಟು ಇನ್ನೂ ಮೆರುಗು ಕೊಡದ ತಟ್ಟೆಯ ಮೇಲೆ ಅಂಟಿಸಿ, ಬಿರುಸು ಬ್ರಷ್‌ನಿಂದ ಸಾಬೂನು ಹಾಕಿ ಒತ್ತಿ ತಿಕ್ಕುತ್ತಾರೆ. ನೀರಿನ ತೊಟ್ಟಿಯಲ್ಲಿ ಅದ್ದಿದರೆ ಕಾಗದ ತೇಲಿ ಬರುತ್ತದೆ, ಬಣ್ಣ ಮಣ್ಣಿಗೆ ಹಿಡಿದುಕೊಳ್ಳುತ್ತದೆ. ಸುಮಾರು 700 ಡಿಗ್ರಿಯಲ್ಲಿ ಎಣ್ಣೆ ಸುಟ್ಟು ಹೋಗುವಂತೆ ಒಂದು ಕಾವು; ಆಮೇಲೆ ಮೆರುಗಿನಲ್ಲಿ ಅದ್ದಿ ಮತ್ತೊಂದು ದೊಡ್ಡ ಕಾವು. ಅಚ್ಚು ಮೆರುಗಿನ ಅಡಿಗೆ ಹೋಗುವುದು ಹೀಗೆ. ಉಗುರಿನಿಂದ ಕೆರೆದರೆ ಬರುವುದಿಲ್ಲ, ನೂರು ಸಲ ತೊಳೆದರೂ ಮಾಸುವುದಿಲ್ಲ.

ಪುಸ್ತಕ ಅಚ್ಚು ಮಾಡುವ ತಗಡಿನಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರಬೇಕು. ಪಿಂಗಾಣಿ ತಗಡಿನಲ್ಲಿ ಹಾಗಲ್ಲ. ತಗಡಿನಿಂದ ಕಾಗದಕ್ಕೆ ಒಮ್ಮೆ, ಕಾಗದದಿಂದ ತಟ್ಟೆಗೆ ಇನ್ನೊಮ್ಮೆ, ಹೀಗೆ ಎರಡು ಸಲ ತಿರುಗುವುದರಿಂದ ಕೆತ್ತುವವನು ನೇರವಾಗಿಯೇ ಕೆತ್ತುತ್ತಾನೆ. ಆದ್ದರಿಂದ ಭಾಷೆ ಬಾರದ ಇಂಗ್ಲಿಷ್ ಕೆತ್ತನೆಗಾರನಿಗೂ ಎದುರಿಗಿಟ್ಟ ಮಾದರಿಯನ್ನು ಕಂಡಂತೆ ನಕಲು ಮಾಡುವುದು ಕಷ್ಟವಿರಲಿಲ್ಲ. ಅವನು ಎಡವುತ್ತಿದ್ದದ್ದು ನುಕ್ತೆಯಲ್ಲಿ, ಅಂದರೆ ಅಕ್ಷರದ ಚುಕ್ಕೆಯಲ್ಲಿ. ಅರಬ್ಬಿಯಲ್ಲಿ ಬೆ, ತೆ, ಸೆ, ನೂನ್ ಪದದ ನಡುವೆ ಬಂದರೆ ಒಂದೇ ಹಲ್ಲಿನ ಆಕಾರ. ಮೇಲೋ ಕೆಳಗೋ ಇರುವ ಚುಕ್ಕೆಯಿಂದಲೇ ಯಾವುದು ಯಾವುದೆಂದು ತಿಳಿಯಬೇಕು. ಓದಲು ಬಾರದವನ ಕಣ್ಣಿಗೆ ಚುಕ್ಕೆಯೂ ಒಂದೇ, ಮಾದರಿಯ ಕಾಗದದ ಮೇಲಿನ ನೊಣದ ಕಲೆಯೂ ಒಂದೇ.

ಈ ತಟ್ಟೆಯಲ್ಲೂ ಅಂಥದ್ದೇ ತಪ್ಪಿನಂತೆ ಕಾಣುವ ಚುಕ್ಕೆಯೊಂದಿದೆ. ಆಯತ್‌ಗೆ ಮೊದಲು ಬಿಸ್ಮಿಲ್ಲಾ ವಾಕ್ಯ ಇದೆ. ಅದರ ಕೊನೆಯ ಪದ ‘ರಹೀಮ್’, ದಯಾಮಯ. ಅದರ ‘ಹೆ’ ಅಕ್ಷರದ ಹೊಟ್ಟೆಯ ಕೆಳಗೆ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ‘ಹೆ’ಯ ಅಡಿಗೆ ಚುಕ್ಕೆ ಬಿದ್ದರೆ ಅದು ‘ಜೀಮ್’. ಪದ ‘ರಜೀಮ್’ ಆಗುತ್ತದೆ, ಶೈತಾನನಿಗೆ ಹೇಳುವ ವಿಶೇಷಣ! ಹತ್ತು ಪಟ್ಟು ದೊಡ್ಡದಾಗಿ ಕಾಣುವ ಮಸೂರ ಹಿಡಿದಾಗ ಸಮಾಧಾನ: ಇತರ ನುಕ್ತೆಗಳಿಗೆ ಅಂಚು ಚೂಪು, ಆಕಾರ ಚೌಕಾಕಾರಕ್ಕೆ ಹತ್ತಿರ, ಇದು ದುಂಡಗೆ, ಅಂಚು ಕರಗಿದಂತೆ, ಮೆರುಗು ಅದರ ಮೇಲೆ ತುಸು ಉಬ್ಬಿದೆ. ಅಂದರೆ ಕೆತ್ತಿದ್ದಲ್ಲ, ಕುಲುಮೆಯಲ್ಲಿ ಬಿದ್ದ ಕಸ. ಸಂಗ್ರಹಕಾರರಿಗೆ ಇದೊಂದು ಸ್ವಾರಸ್ಯ ಅಷ್ಟೇ. ಕಸವಾದರೂ ಓದುವ ಕಣ್ಣಿಗೆ ‘ರಜೀಮ್’ ಎಂದೇ ಕಾಣುವುದರಿಂದ ಮನೆಯ ಗೋಡೆಗೆ ಬರ್ಕತ್ತಿಗೆಂದು (ಶುಭಕ್ಕೆಂದು) ಕೊಳ್ಳುವವರಿಗೆ ಮಾತ್ರ ಬೇಡವೇ ಬೇಡ. ಹಾಗೆ ಕೊಳ್ಳುವವರು ಮೊದಲು ಓದಲು ಬಲ್ಲವರಿಗೆ ಒಂದು ಫೋಟೊ ತೋರಿಸಲಿ. ಶಿವಾಜಿನಗರದಲ್ಲಿ ಅಂಥವರಿಗೇನು ಬರವಿಲ್ಲ, ಎರಡು ಅಂಗಡಿ ಆಚೆ ಅತ್ತರು ಮಾರುವವರೇ ಓದಿ ಹೇಳಿಯಾರು.

ಅಂಕಿ ಚೌಕವನ್ನು ಪರೀಕ್ಷಿಸಲು ಅರಬ್ಬಿಯೂ ಬೇಡ, ಕೂಡಲು ಬಂದರೆ ಸಾಕು. ಒಂಬತ್ತು ಮನೆಯದಾದರೆ ಯಾವ ಸಾಲು, ಯಾವ ಕಂಬ, ಮೂಲೆಯಿಂದ ಮೂಲೆಗೆ ಹೇಗೆ ಕೂಡಿದರೂ 15 ಬರಬೇಕು. ಮೂಲೆಗಳಲ್ಲಿ 2, 4, 6, 8 ಇರಬೇಕು, ನಡುವೆ 5. ಹದಿನಾರು ಮನೆಯದಾದರೆ 34. ಬಹಳ ಬಳಕೆಯ ಚೌಕದ ಮೇಲಿನ ಸಾಲು 8, 11, 14, 1. ಇನ್ನೂ ಒಂದು ಬಗೆ ಇದೆ: ಅಂಕಿಗಳು 189ರಿಂದ 204ರವರೆಗೆ. ಅದನ್ನು ಕೂಡಿದರೆ ಪ್ರತಿ ಸಾಲಿಗೂ 786, ಅಬ್ಜದ್ ಲೆಕ್ಕದಲ್ಲಿ (ಅರಬ್ಬಿ ಅಕ್ಷರಕ್ಕೊಂದು ಅಂಕಿ ಕೊಟ್ಟು ಕೂಡುವುದು) ಬಿಸ್ಮಿಲ್ಲಾದ ಸಂಖ್ಯೆ. ಮೊತ್ತ ಒಂದರಷ್ಟು ಹೆಚ್ಚುಕಡಿಮೆ ಬಂದರೆ ಮೊದಲು 7 ಮತ್ತು 8ನ್ನು ನೋಡಿ. ಅರಬ್ಬಿಯಲ್ಲಿ 7 ಬಾಯಿ ತೆರೆದ ಬಟ್ಟಲಿನ ಹಾಗೆ, 8 ಅದನ್ನೇ ಕವುಚಿ ಹಾಕಿದ ಹಾಗೆ. ಕೆತ್ತನೆಗಾರ ಮಾದರಿಯನ್ನು ತಿರುಗಿಸಿ ಹಿಡಿದನೋ, ಕೆಲಸ ಕೆಟ್ಟಿತು. ಸೊನ್ನೆ ಬರೀ ಚುಕ್ಕೆಯಾದ್ದರಿಂದ ಅದು ಉದುರಿಹೋದರೆ 10 ಹೋಗಿ 1 ಆಗುತ್ತದೆ; ಆಗ ವ್ಯತ್ಯಾಸ 9. ಈ ತಟ್ಟೆಯ ಚೌಕದಲ್ಲಿ ನಾಲ್ಕೂ ಸಾಲು 34 ಸರಿ. ಅಷ್ಟು ಅಂಕ ಕೊಡೋಣ.

ಅಂಚಿನ ಉಂಗುರದಲ್ಲಿ ಹುಡುಕಬೇಕಾದದ್ದು ಬೆಸುಗೆ. ನೇರ ಪಟ್ಟಿಯ ಕಾಗದವನ್ನು ದುಂಡು ಅಂಚಿಗೆ ಬಾಗಿಸಿ ಕೂಡಿಸುವಾಗ ಎಲ್ಲೋ ಒಂದು ಕಡೆ ಎರಡು ತುದಿ ಮೇಲೆ ಮೇಲೆ ಬರುತ್ತವೆ, ಇಲ್ಲವೆ ನಡುವೆ ಸಂದು ಉಳಿಯುತ್ತದೆ. ಹೂಬಳ್ಳಿಯಾದರೆ ಯಾರಿಗೂ ಗೊತ್ತಾಗದು. ಬರಹದಲ್ಲಿ ಪದ ತುಂಡಾಗುತ್ತದೆ. ಇಲ್ಲಿ ಗಡಿಯಾರದ ಐದು ಗಂಟೆಯ ಜಾಗದಲ್ಲಿ ಒಂದು ‘ಅಲಿಫ್’ ಎರಡಾಗಿ ಕಾಣುತ್ತದೆ. ಇದು ದೋಷವಲ್ಲ, ಕೈಗೆಲಸದ ರುಜು ಎಂದೇ ಲೆಕ್ಕ ಹಾಕಿ. ಬೆಸುಗೆಯೇ ಇಲ್ಲದೆ, ಕಂಪಾಸಿನಲ್ಲಿ ಬರೆದಂತೆ ಉಂಗುರ ಕೂಡಿದ್ದರೆ ಅನುಮಾನ ಬರಬೇಕು.

ಬೆನ್ನಿನ ಕಡೆ ಮೂರು ಮೂರು ಚುಕ್ಕೆಗಳ ಗುಂಪು ಮೂರು ಕಡೆ ಇದೆ. ಕುಲುಮೆಯಲ್ಲಿ ತಟ್ಟೆಗಳು ಒಂದಕ್ಕೊಂದು ಅಂಟದಿರಲೆಂದು ಇಡುತ್ತಿದ್ದ ಮುಳ್ಳುಗೊರಸಿನ ಗುರುತು ಅದು. ಪಾದದ ಬಳೆಯ ಸವೆತ ಒಂದೇ ಸಮ ಇಲ್ಲ, ಒಂದು ಬದಿಗೆ ಜಾಸ್ತಿ. ಮೇಜಿನ ಮೇಲೆ ಎಳೆದಾಡಿದ ತಟ್ಟೆ ಸವೆಯುವುದು ಹೀಗೇ. ಎಮೆರಿ ಕಾಗದದಿಂದ ಉಜ್ಜಿದ ಸವೆತ ಸುತ್ತಲೂ ಒಂದೇ ಸಮ, ಗೀರುಗಳೆಲ್ಲ ಒಂದೇ ದಿಕ್ಕಿಗೆ. ಮೆರುಗಿನ ಬಲೆಬಿರುಕಿನಲ್ಲಿ ಕಂದು ಬಣ್ಣ ಎಲ್ಲೆಡೆ ಸಮನಾಗಿ ಹರಡಿದ್ದರೆ ಚಹಾ ಡಿಕಾಕ್ಷನ್‌ನಲ್ಲಿ ಮುಳುಗಿಸಿ ಎತ್ತಿದ್ದಾರೆ ಎಂದು ತಿಳಿಯಿರಿ. ನಿಜವಾದ ಕಲೆ ಚಿಪ್ಪು ಹಾರಿದ ಕಡೆಯಿಂದ ಶುರುವಾಗಿ ಒಳಗೆ ಹಬ್ಬಿರುತ್ತದೆ.

ಮುದ್ರೆ ಇರುವ ತಟ್ಟೆ ಸಿಕ್ಕರೆ ಓದುವುದು ಸುಲಭ. ವಜ್ರಾಕಾರದ ನೋಂದಣಿ ಗುರುತು 1842ರಿಂದ 1883ರವರೆಗಿನದು. ತುದಿಯ ವೃತ್ತದಲ್ಲಿ ರೋಮನ್ 4 ಇದ್ದರೆ ಪಿಂಗಾಣಿ ವರ್ಗ. 1867ರವರೆಗೆ ವರ್ಷದ ಅಕ್ಷರ ವೃತ್ತದ ಕೆಳಗೇ ಇರುತ್ತಿತ್ತು, 1868ರಿಂದ ಬಲ ಮೂಲೆಗೆ ಬಂತು. 1884ರಿಂದ ವಜ್ರ ಹೋಗಿ ‘ಆರ್‌ಡಿ ನಂ.’ ಎಂದು ಸಂಖ್ಯೆ ಬಂತು. ಮೂರೂವರೆ ಲಕ್ಷದ ಆಸುಪಾಸು ಅಂದರೆ 1900ರ ಸುಮಾರು. ಇವೆಲ್ಲ ವಿನ್ಯಾಸ ನೋಂದಾಯಿಸಿದ ದಿನ, ತಟ್ಟೆ ಮಾಡಿದ ದಿನವಲ್ಲ. ಕಿರೀಟ, ಸಿಂಹ, ಒಂಟಿಕೊಂಬಿನ ಕುದುರೆಯ ರಾಜಲಾಂಛನ ಕಂಡು ‘ರಾಣಿ ಮನೆಯದು’ ಎನ್ನುವವರಿಗೆ ಉತ್ತರ ಕೊಡುವ ಅಗತ್ಯವಿಲ್ಲ. ಸ್ಟ್ಯಾಫರ್ಡ್‌ಶೈರ್‌ನ ಎಷ್ಟೋ ಕಾರ್ಖಾನೆಗಳು ಅದನ್ನು ಬಳಸುತ್ತಿದ್ದವು.

ಎರಡನೆಯ ಬಗೆ, ಇಂಗ್ಲಿಷ್ ಎಂದು ಮಾರುವ ಇಂಗ್ಲಿಷ್ ಅಲ್ಲದ್ದು. ನಮ್ಮಲ್ಲಿ ಇದೇ ಹೆಚ್ಚು. ಬೆನ್ನಲ್ಲಿ ಸ್ಫಿಂಕ್ಸ್ ಚಿತ್ರ ಇದ್ದರೆ ಹಾಲೆಂಡಿನ ಮಾಸ್ಟ್ರಿಕ್ಟ್‌ನ ಪೆಟ್ರುಸ್ ರೆಗೌಟ್ ಕಾರ್ಖಾನೆಯದು. ಕೆಂಪು ಅಥವಾ ನೀಲಿ ಹಿನ್ನೆಲೆಯ ಬಿಲ್ಲೆಯೊಳಗೆ ಗುಲಾಬಿ ಹೂವಿರುವ ಟೀಪಾಟು, ಬೋಗುಣಿ, ಬೆನ್ನಲ್ಲಿ ರಷ್ಯನ್ ಜೊತೆ ಅರಬ್ಬಿ ಲಿಪಿ ಕಂಡರೆ ರಷ್ಯಾದ ವೆರ್ಬಿಲ್ಕಿಯಲ್ಲಿ 1766ರಲ್ಲಿ ಶುರುವಾದ ಗಾರ್ಡ್ನರ್ ಕಾರ್ಖಾನೆಯದು. 1892ರಲ್ಲಿ ಅದನ್ನು ಕುಜ್ನೆಟ್ಸೋವ್ ಕೊಂಡರು. ಗಾರ್ಡ್ನರ್ ಎಂಬುದು ಇಂಗ್ಲಿಷ್ ಹೆಸರು, ಸ್ಥಾಪಕನೂ ಇಂಗ್ಲಿಷಿನವನೇ. ಅಂಗಡಿಯವರ ತಪ್ಪನ್ನು ಅಷ್ಟರ ಮಟ್ಟಿಗೆ ಕ್ಷಮಿಸಬಹುದು. ಗ್ಲಾಸ್ಗೋದ ಜೆ. ಆ್ಯಂಡ್ ಎಂ.ಪಿ. ಬೆಲ್ ಆಗ್ನೇಯ ಏಷ್ಯಾಕ್ಕೆ ಮಲಯ ಹೆಸರಿನ ವಿನ್ಯಾಸಗಳನ್ನು ಕಳಿಸಿದವರು, ಅವರದ್ದು ಸ್ಕಾಟ್ಲೆಂಡಿನ ಮಾಲು. ಇವುಗಳಲ್ಲಿ ಯಾವುದೂ ಕೀಳಲ್ಲ. ಒಳ್ಳೆಯ ಸ್ಥಿತಿಯ ಗಾರ್ಡ್ನರ್ ಟೀಪಾಟು ಸಿಕ್ಕರೆ ಬಿಡಬೇಡಿ, ಆದರೆ ಅದರ ಹೆಸರಿನಿಂದಲೇ ಕೊಳ್ಳಿ.

ಮೂರನೆಯದು ಮೋಸ. ಹಳೆಯ ಬಿಳಿ ಇಂಗ್ಲಿಷ್ ತಟ್ಟೆ ನಿಜ, ಬೆನ್ನಿನ ಮುದ್ರೆಯೂ ನಿಜ, ಮುಖದ ಮೇಲಿನ ‘ಯಾ ಅಲ್ಲಾಹ್’ ಮಾತ್ರ ಈಚೆಗೆ ಚಿನ್ನದ ಬಣ್ಣದಲ್ಲಿ ಬರೆದದ್ದು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಅಕ್ಷರ ಮೆರುಗಿನ ಮೇಲೆ ಎದ್ದು ನಿಂತಿರುವುದು ಕಾಣುತ್ತದೆ. ಹಳೆಯ ಚಮಚದ ಗೀರುಗಳು ಅಕ್ಷರವನ್ನು ದಾಟಿ ಹೋಗಬೇಕು. ಅಕ್ಷರವೇ ಗೀರುಗಳ ಮೇಲೆ ಕೂತಿದ್ದರೆ ತಟ್ಟೆಯನ್ನು ಇದ್ದ ಜಾಗದಲ್ಲಿ ಇಟ್ಟು ಬನ್ನಿ.

ನಾಲ್ಕನೆಯದು ಇಂದಿನ ಡೆಕಾಲ್ (ಅಚ್ಚಾದ ಅಂಟುಚಿತ್ರದ) ತಟ್ಟೆ. ಹೊಸದೆಂದು ಹೇಳಿ ಮಾರಿದರೆ ಯಾವ ತಕರಾರೂ ಇಲ್ಲ, ಬರಹ ಶುದ್ಧವಾಗಿರುತ್ತದೆ, ಗೋಡೆಗೆ ಚೆನ್ನ. ಹಳತೆಂದು ಮಾರಿದರೆ ಮಸೂರ ಹಿಡಿಯಿರಿ: ಬಣ್ಣ ಸಾಲುಗಟ್ಟಿದ ಚುಕ್ಕೆಗಳಾಗಿ ಒಡೆಯುತ್ತದೆ, ದಿನಪತ್ರಿಕೆಯ ಫೋಟೊದಂತೆ. ತಾಮ್ರದ ಕೆತ್ತನೆಯಲ್ಲಿ ಗೀರುಗಳೂ ಕೈಯಿಂದ ಚುಚ್ಚಿದ ಅಂಕುಡೊಂಕು ಚುಕ್ಕೆಗಳೂ ಕಾಣುತ್ತವೆ. ಬರಹದ ಶೈಲಿಯೂ ಗುಟ್ಟು ಬಿಟ್ಟುಕೊಡುತ್ತದೆ. ಮದೀನಾದಲ್ಲಿ ಅಚ್ಚಾಗುವ ಮುಸಹಫ್‌ಗೆ (ಕುರಾನ್ ಪ್ರತಿಗೆ) ಉಸ್ಮಾನ್ ತಾಹಾ ಬರೆದ ಅಕ್ಷರ ಈಗ ಫೋನಿನಲ್ಲೂ ಸಿಗುತ್ತದೆ. ಅದು 20ನೇ ಶತಮಾನದ ಕೊನೆಯ ಭಾಗದ್ದು. ‘ನೂರೈವತ್ತು ವರ್ಷದ’ ತಟ್ಟೆಯಲ್ಲಿ ಅದೇ ಅಕ್ಷರ, ಒಂದು ನುಕ್ತೆಯೂ ತಪ್ಪದೆ ಕೂತಿದ್ದರೆ ಆ ಪರಿಪೂರ್ಣತೆಯೇ ಸಾಕ್ಷಿ.

ಇನ್ನು ಬಳಕೆ. ಜಾಫರಾನ್ (ಕೇಸರಿ) ನೀರಿನಲ್ಲಿ ತಟ್ಟೆಯ ಮೇಲೆ ಆಯತ್ ಬರೆದು, ತೊಳೆದ ನೀರನ್ನು ಕಾಯಿಲೆಯವರಿಗೆ ಕುಡಿಸುವ ಪದ್ಧತಿ ನಮ್ಮ ಕಡೆ ಇದೆ. ಅಚ್ಚಿನ ತಟ್ಟೆಯಲ್ಲೂ ನೀರು ಹಾಕಿಟ್ಟು ಕುಡಿಯಬಹುದಲ್ಲ ಎಂದು ಕೆಲವರು ಕೊಳ್ಳುತ್ತಾರೆ. ಬೇಡ. 19ನೇ ಶತಮಾನದ ಇಂಗ್ಲಿಷ್ ಮಣ್ಣಿನ ಪಾತ್ರೆಯ ಮೆರುಗಿನಲ್ಲಿ ಸೀಸ ಇರುತ್ತಿತ್ತು. ಆ ಮೆರುಗಿನಲ್ಲಿ ಪಾತ್ರೆ ಅದ್ದುತ್ತಿದ್ದ ಕೆಲಸಗಾರರೇ ಸೀಸದ ವಿಷದಿಂದ ನರಳಿದ್ದಾರೆ. ಬಲೆಬಿರುಕು ಬಿಟ್ಟ ಮೆರುಗಿನಲ್ಲಿ ನೀರು ಗಂಟೆಗಟ್ಟಲೆ ನಿಂತರೆ, ಅದಕ್ಕೆ ನಿಂಬೆಯೋ ಹುಣಸೆಯೋ ಸೇರಿದರೆ, ಸೀಸ ಬಿಡುವ ಅಪಾಯ ಹೆಚ್ಚು. ಬರೆದು ಕುಡಿಸುವುದಿದ್ದರೆ ಹೊಸ ಬಿಳಿ ಬಸಿ ಸಾಕು. ಇದು ಗೋಡೆಯ, ಕಪಾಟಿನ ಸಾಮಾನು.

ತೊಳೆಯುವುದಕ್ಕೂ ಕ್ರಮ ಇದೆ. ಬ್ಲೀಚಿಂಗ್ ದ್ರಾವಣ ಮುಟ್ಟಿಸಬೇಡಿ: ಅದರ ಉಪ್ಪು ಬಿರುಕಿನೊಳಗೆ ಇಳಿದು, ಒಣಗಿದಾಗ ಹರಳುಗಟ್ಟಿ ಮೆರುಗನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಬೋರ್‌ವೆಲ್ ನೀರೂ ಬೇಡ, ಬಿಳಿ ಪೊರೆ ಕಟ್ಟುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಮೊದಲು ಒಂದು ರಾತ್ರಿ ಆ ನೀರಿನಲ್ಲಿ ನೆನೆಸಿ, ಆಮೇಲೆ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್‌ಗೆ ಅಷ್ಟೇ ನೀರು ಬೆರೆಸಿ, ಅದರಲ್ಲಿ ಅದ್ದಿದ ಹತ್ತಿಯನ್ನು ಕಲೆಯ ಮೇಲೆ ಇಟ್ಟು ಪ್ಲಾಸ್ಟಿಕ್ ಹೊದಿಸಿ. ಕೈಗೆ ಗ್ಲೌಸ್ ಇರಲಿ. ಮೊದಲೇ ನೆನೆಸುವುದು ಏಕೆಂದರೆ, ಒಣ ಮಣ್ಣು ದ್ರಾವಣದ ಜೊತೆ ಕಲೆಯನ್ನೂ ಒಳಗೆ ಹೀರಿಕೊಳ್ಳುತ್ತದೆ. ದಿನಕ್ಕೊಮ್ಮೆ ಹತ್ತಿ ಬದಲಿಸುತ್ತ ನಾಲ್ಕೈದು ದಿನ ಬಿಡಬೇಕಾಗಬಹುದು. ಚಿನ್ನದ ಗೆರೆ ಅಥವಾ ಹಳೇ ರಿಪೇರಿ ಇರುವ ತಟ್ಟೆಗೆ ಈ ಪ್ರಯೋಗ ಸಲ್ಲದು.

ರಿಪೇರಿಯ ವಿಷಯದಲ್ಲಿ ಊರಿನ ಸೇವೆ ನಿರಾಶೆಯೇ. ನೋಡಲು ಸಿಕ್ಕ ಎರಡು ರಿಪೇರಿಗಳಲ್ಲಿ ಒಂದಕ್ಕೆ ಸೂಪರ್ ಗ್ಲೂ, ಇನ್ನೊಂದಕ್ಕೆ ಎಪಾಕ್ಸಿ ಹಾಕಿ ಮೇಲೆ ಎನಾಮಲ್ ಪೇಂಟು ಬಳಿದಿದ್ದರು. ಸೂಪರ್ ಗ್ಲೂ ರಂಧ್ರವಿರುವ ಮಣ್ಣಿಗೆ ಇಳಿದು ಹೋಗಿ ಕೀಲು ಬಿಡುತ್ತದೆ, ಎಪಾಕ್ಸಿ ವರ್ಷಗಳಲ್ಲಿ ಹಳದಿಯಾಗುತ್ತದೆ, ಬಿಡಿಸುವುದೂ ಕಷ್ಟ. ಮ್ಯೂಸಿಯಂಗಳಲ್ಲಿ ಬಳಸುವುದು ಪ್ಯಾರಲಾಯ್ಡ್ ಬಿ-72 ಎಂಬ ಅಂಟು. ಅಸಿಟೋನ್ ಹಾಕಿದರೆ ಮತ್ತೆ ಬಿಡಿಸಬಹುದು. ರಿಪೇರಿಯವರನ್ನು ಕೇಳಬೇಕಾದ ಪ್ರಶ್ನೆ ಇದೊಂದೇ: ಹತ್ತು ವರ್ಷದ ಮೇಲೆ ಇದನ್ನು ಬಿಡಿಸಲು ಆಗುತ್ತದೆಯೇ? ಮುಚ್ಚಿಟ್ಟ ರಿಪೇರಿ ಪತ್ತೆಗೆ ಅಲ್ಟ್ರಾವಯಲೆಟ್ ಟಾರ್ಚ್ ಸಾಕು. ಕತ್ತಲೆಯಲ್ಲಿ ಅಂಟು, ಪೇಂಟು ಇರುವ ಜಾಗ ಬೇರೆ ಬಣ್ಣದಲ್ಲಿ ಬೆಳಗುತ್ತದೆ. ಹಳೆಯ ಕಾಲದ ಲೋಹದ ರಿವೆಟ್ ಕಂಡರೆ ಕೀಳಬೇಡಿ, ತಟ್ಟೆಯನ್ನು ಯಾರೋ ಜೋಪಾನ ಮಾಡಿದ್ದರ ಗುರುತು ಅದು.

ತೂಗುಹಾಕಲು ಸಿಗುವ ಸ್ಪ್ರಿಂಗ್ ತಂತಿ ಒಂದು ಸೈಜು ದೊಡ್ಡದಿರಲಿ, ಕೊಕ್ಕೆಗಳಿಗೆ ಪ್ಲಾಸ್ಟಿಕ್ ಕೊಳವೆ ತೊಡಿಸಿ. ಬಿಗಿ ತಂತಿ ಕೂದಲೆಳೆ ಬಿರುಕನ್ನು ಪೂರ್ತಿ ಸೀಳಿಬಿಡುತ್ತದೆ. ಆಯತ್ ಇರುವ ತಟ್ಟೆಯನ್ನು ಚಪ್ಪಲಿ ಸ್ಟ್ಯಾಂಡಿನ ಮೇಲೆ, ಬಚ್ಚಲ ಗೋಡೆಗೆ ಹಾಕುವಂತಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಅಂಗಡಿಯಲ್ಲಿ ನೋಡುವಾಗಲೂ ನೆಲದ ಮೇಲಿಡಬೇಡಿ.

ಬಿಲ್ಲಿಲ್ಲದೆ ಕೊಳ್ಳಬೇಡಿ. ‘ಇಂಗ್ಲಿಷ್ ಮಣ್ಣಿನ ಪಾತ್ರೆ, ಮೆರುಗಿನಡಿಯ ಅಚ್ಚು, ಬಿರುಕು ಇಷ್ಟು, ರಿಪೇರಿ ಇಷ್ಟು’ ಎಂದು ಬರೆಸಿಕೊಳ್ಳಿ. ಟಿಪ್ಪು ಹೆಸರು ಹೇಳಿದವರು ಅದನ್ನೂ ಬಿಲ್ಲಿನಲ್ಲಿ ಬರೆಯುತ್ತಾರಾ ಕೇಳಿ ನೋಡಿ, ಬೆಲೆ ತಾನಾಗಿ ಇಳಿದರೂ ಇಳಿಯಬಹುದು. ನೂರು ವರ್ಷ ದಾಟಿದ ವಸ್ತು 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರಬಹುದು: ಮಾರುವವರಿಗೆ ಲೈಸೆನ್ಸ್ ಬೇಕು, ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ದುಬೈನಲ್ಲಿರುವ ಅಣ್ಣನ ಮನೆ ಗೃಹಪ್ರವೇಶಕ್ಕೆ ಉಡುಗೊರೆ ಕೊಡುವುದಾದರೆ ನಾಲ್ಕನೆಯ ಬಗೆಯದೇ ವಾಸಿ.